ಸಮತಟ್ಟಾದ ಪಿಕಪ್, ಕುಂದಿದ ಬ್ರೇಕ್: ಅಡಿಕೆ ಸುಲಿಯುವ ಯಂತ್ರ ಎಳೆಯುವ ಗಾಡಿಗೆ ಏರ್ ಬ್ಯಾಗ್ ಹಾಕಿಸಿದ ಒಂದು ಪ್ರಕರಣ

ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಸಿ ಅಡಿಕೆ ಸುಲಿಯುವ ಯಂತ್ರವನ್ನು ಬಾಡಿಗೆಗೆ ಒಯ್ಯುವ ಕೃಷಿಕರೊಬ್ಬರು ತಮ್ಮ ಹಳೆಯ ಡಬಲ್ ಕ್ಯಾಬ್ ಪಿಕಪ್‌ನ ಹಿಂಭಾಗಕ್ಕೆ ಏರ್ ಬ್ಯಾಗ್ ಹಾಕಿಸಿಕೊಂಡರು. ಟ್ರೇಲರ್ ಸಿಕ್ಕಿಸಿದಾಗ ಗಾಡಿಯ ಹಿಂಭಾಗ ಕುಸಿಯುವುದು, ಮೂತಿ ಮೇಲೇಳುವುದು, ರಾತ್ರಿ ಹೆಡ್‌ಲೈಟ್ ರಸ್ತೆಯನ್ನು ಬಿಟ್ಟು ಎದುರಿನವರ ಕಣ್ಣಿಗೆ ಬಡಿಯುವುದು, ಈ ಮೂರನ್ನೂ ನಿವಾರಿಸುವುದು ಅವರ ಉದ್ದೇಶವಾಗಿತ್ತು. ಮೂರೂ ನಿವಾರಣೆಯಾದವು. ಆದರೆ ಕೊಯ್ಲು ಆರಂಭವಾದ ಕೆಲವೇ ದಿನಗಳಲ್ಲಿ ಗಾಡಿ ಓಡಿಸುವ ಅವರ ಸೋದರಳಿಯ ಬೇರೊಂದು ದೂರು ತಂದ: "ಮಾವ, ಇಳಿಜಾರಲ್ಲಿ ಬ್ರೇಕ್ ಒತ್ತಿದ್ರೆ ಮುಂದಿನ ಗಾಲಿ ಮಾತ್ರ ಹಿಡೀತದೆ, ಹಿಂದಿನಿಂದ ನೂಕಿಕೊಂಡೇ ಬರ್ತದೆ." ಗಾಡಿ ನನ್ನ ಪರಿಶೀಲನೆಗೆ ಬಂದದ್ದು ಆ ಹಂತದಲ್ಲಿ.

ಇಲ್ಲಿ ಹೇಳುವ ಏರ್ ಬ್ಯಾಗ್ ಅಪಘಾತದ ಹೊತ್ತಿಗೆ ಸ್ಟೀರಿಂಗ್‌ನಿಂದ ಉಬ್ಬುವ ಚೀಲವಲ್ಲ. ಹಿಂದಿನ ಆಕ್ಸಲ್ ಮತ್ತು ಚಾಸಿಸ್ ನಡುವೆ, ಸಾಮಾನ್ಯವಾಗಿ ಬಂಪ್ ಸ್ಟಾಪ್ ರಬ್ಬರ್ ಇದ್ದ ಜಾಗದಲ್ಲಿ, ಲೀಫ್ ಸ್ಪ್ರಿಂಗಿಗೆ (ಕಮಾನು ಪ್ಲೇಟುಗಳ ಕಟ್ಟಿಗೆ) ನೆರವಾಗಿ ಕೂರಿಸುವ, ಗಾಳಿ ತುಂಬಿದ ದಪ್ಪ ರಬ್ಬರಿನ ಬುಗ್ಗೆ ಇದು. ಏರ್ ಸಸ್ಪೆನ್ಷನ್ ಇರುವ ಬಸ್ಸುಗಳಲ್ಲಿ ಇಂಥದ್ದೇ ಬುಗ್ಗೆಗಳು ಪೂರ್ಣ ಭಾರ ಹೊರುತ್ತವೆ. ಪಿಕಪ್‌ಗೆ ಹೊರಗಿನಿಂದ ಹಾಕಿಸುವವು ಸ್ಪ್ರಿಂಗಿನ ಸಹಾಯಕ ಮಾತ್ರ. ಗಾಳಿ ಹೆಚ್ಚಿಸಿದಂತೆ ಗಾಡಿಯ ಹಿಂಭಾಗ ಏಳುತ್ತದೆ, ಇಳಿಸಿದಂತೆ ತಗ್ಗುತ್ತದೆ. ಫೈರ್‌ಸ್ಟೋನ್, ಏರ್ ಲಿಫ್ಟ್‌ನಂಥ ಅಮೆರಿಕದ ತಯಾರಕರು ಈ ವರ್ಗದ ಬ್ಯಾಗುಗಳಿಗೆ ಕನಿಷ್ಠ 5 ಮತ್ತು ಗರಿಷ್ಠ 100 ಪಿಎಸ್‌ಐ ಮಿತಿ ಹೇಳುತ್ತಾರೆ. ಬ್ಯಾಗ್ ಹಾಕಿಸಿದ ಮಾತ್ರಕ್ಕೆ ಗಾಡಿಯ ನಿಗದಿತ ಒಟ್ಟು ತೂಕದ ಮಿತಿ ಹೆಚ್ಚುವುದಿಲ್ಲ. ಈ ಪ್ರಕರಣದಲ್ಲಿ ಎಲ್ಲರೂ ಮರೆತಿದ್ದ ಸಂಗತಿ ಇದೇ.

ಕೆಲಸದ ಸ್ವರೂಪ

ಮಲೆನಾಡಿನಲ್ಲಿ ಅಡಿಕೆಯನ್ನು ಹಸಿಯಾಗಿಯೇ ಕೊಯ್ದು, ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಒಗರು ರಸದಲ್ಲಿ) ಬೇಯಿಸಿ ಒಣಗಿಸುವುದು ರೂಢಿ. ಕರಾವಳಿಯಲ್ಲಿ ಹಣ್ಣಡಿಕೆಯನ್ನು ತಿಂಗಳುಗಟ್ಟಲೆ ಒಣಗಿಸಿ ನಿಧಾನವಾಗಿ ಸುಲಿಯುವಂತೆ ಇಲ್ಲಿ ಕಾಯಲಾಗದು. ಅಡಿಕೆ ಗೊನೆ ಮರದಿಂದ ಇಳಿದ ಮೇಲೆ ಸುಲಿಯುವ ಕೆಲಸ ಬೇಗ ಮುಗಿಯಬೇಕು. ಹೀಗಾಗಿ ಕೊಯ್ಲಿನ ತಿಂಗಳುಗಳಲ್ಲಿ ಸುಲಿಯುವ ಯಂತ್ರ ಒಂದು ಅಂಗಳದಿಂದ ಮತ್ತೊಂದು ಅಂಗಳಕ್ಕೆ ಓಡಾಡುತ್ತಲೇ ಇರುತ್ತದೆ. ತೋಟಗಳಿರುವುದು ಕಣಿವೆಯ ತಳದಲ್ಲಿ, ಮನೆಗಳಿರುವುದು ಅದರ ಅಂಚಿನಲ್ಲಿ. ಡಾಂಬರು ರಸ್ತೆಯಿಂದ ಮನೆಯಂಗಳಕ್ಕೆ ಇಳಿಯುವ ದಾರಿ ಬಹುತೇಕ ಜಂಬಿಟ್ಟಿಗೆಯ ಕೆಂಪು ಮಣ್ಣಿನದು, ಕಡಿದಾದುದು, ಹಿಂಗಾರಿನ ಒಂದು ಮಳೆ ಬಿದ್ದರೂ ಜಾರುವಂಥದ್ದು. ಮುಂದೆ ಹೇಳುವ ಬ್ರೇಕಿನ ವಿಚಾರ ಇಷ್ಟು ಗಂಭೀರವಾಗುವುದು ಈ ದಾರಿಗಳ ಕಾರಣದಿಂದ.

ಟ್ರೇಲರ್ ಒಂದೇ ಆಕ್ಸಲಿನದು, ಬ್ರೇಕ್ ಇಲ್ಲದ್ದು. ಅದರ ಮೇಲೆ ಸುಲಿಯುವ ಘಟಕಗಳು, ಎಲಿವೇಟರ್ ಮತ್ತು ಡೀಸೆಲ್ ಎಂಜಿನ್. ಎಂಜಿನ್ ಅನ್ನು ಡ್ರಾಬಾರ್ (ಪಿಕಪ್‌ನ ಹುಕ್ಕಿಗೆ ಸಿಕ್ಕಿಸುವ ದಂಡ) ಕಡೆಗೆ, ಅಂದರೆ ಆಕ್ಸಲಿಗಿಂತ ಸಾಕಷ್ಟು ಮುಂದೆ ಕೂರಿಸಲಾಗಿತ್ತು. ಸ್ಟಾರ್ಟ್ ಮಾಡಲು, ಡೀಸೆಲ್ ಹಾಕಲು ಅದು ಅನುಕೂಲ. ಪಿಕಪ್‌ನೊಳಗೆ ಚಾಲಕನಲ್ಲದೆ ನಾಲ್ವರು ಕೆಲಸಗಾರರು ಕೂರುತ್ತಿದ್ದರು, ಹಿಂದಿನ ಟ್ರೇನಲ್ಲಿ ಡೀಸೆಲ್ ಕ್ಯಾನು, ಬೆಲ್ಟು, ಬುಟ್ಟಿ, ಟಾರ್ಪಾಲು, ಹತಾರಗಳ ಪೆಟ್ಟಿಗೆ.

ತೂಕ ಹೇಳಿದ್ದು

ಮೊದಲು ಮಾಡಿದ ಕೆಲಸ ಗಾಡಿಯನ್ನು ವೇಬ್ರಿಡ್ಜ್‌ಗೆ ಒಯ್ದು ಪ್ರತಿ ಆಕ್ಸಲನ್ನೂ ಬೇರೆಬೇರೆಯಾಗಿ ತೂಗಿಸಿದ್ದು. ಒಟ್ಟು ತೂಕದ ಚೀಟಿಯೊಂದರಿಂದ ಈ ಬಗೆಯ ಸಮಸ್ಯೆ ಎಂದೂ ತಿಳಿಯುವುದಿಲ್ಲ, ಮುಂದಿನ ಗಾಲಿಗಳ ಮೇಲೆ ಎಷ್ಟಿದೆ, ಹಿಂದಿನವುಗಳ ಮೇಲೆ ಎಷ್ಟಿದೆ ಎಂಬುದು ಬಿಡಿಯಾಗಿ ಬೇಕು. ಚಾಲಕ ಮಾತ್ರ ಕೂತ ಖಾಲಿ ಪಿಕಪ್‌ನ ಮುಂದಿನ ಆಕ್ಸಲ್ ಮೇಲೆ 1,040 ಕೆ.ಜಿ., ಹಿಂದಿನದರ ಮೇಲೆ 860 ಕೆ.ಜಿ. ಇತ್ತು. ಕೆಲಸಗಾರರು ಮತ್ತು ಸಾಮಾನು ಸೇರಿದಾಗ ಅದು 1,160 ಮತ್ತು 1,200 ಆಯಿತು. ಟ್ರೇಲರ್ ಸಿಕ್ಕಿಸಿದೊಡನೆ ಮುಂದಿನದು 1,085ಕ್ಕೆ ಇಳಿದು ಹಿಂದಿನದು 1,465ಕ್ಕೆ ಏರಿತು. ಟ್ರೇಲರ್‌ನ ಗಾಲಿಗಳ ಮೇಲೆ ಇದ್ದದ್ದು 710 ಕೆ.ಜಿ.

ಪಿಕಪ್‌ನ ಒಟ್ಟು ತೂಕದಲ್ಲಿ ಹೆಚ್ಚಿದ 190 ಕೆ.ಜಿ.ಯೇ ಡ್ರಾಬಾರ್ ಹುಕ್ಕಿನ ಮೇಲೆ ಹೇರುತ್ತಿದ್ದ ಭಾರ. 900 ಕೆ.ಜಿ.ಯ ಟ್ರೇಲರ್‌ಗೆ ಇದು ಶೇಕಡ 21ರಷ್ಟಾಯಿತು. ಇಂಥ ಟ್ರೇಲರ್‌ಗಳಲ್ಲಿ ಹುಕ್ಕಿನ ಭಾರ ಒಟ್ಟು ತೂಕದ ಶೇಕಡ 10ರಿಂದ 15ರೊಳಗೆ ಇರಬೇಕೆಂಬುದು ಸಾಮಾನ್ಯ ನಿಯಮ. ಹತ್ತಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಬೀಸಲು ತೊಡಗುತ್ತದೆ, ಹದಿನೈದನ್ನು ಬಹಳ ಮೀರಿದರೆ ಎಳೆಯುವ ಗಾಡಿಯ ಹಿಂಭಾಗ ದಣಿಯುತ್ತದೆ.

ಹುಕ್ಕಿಗೆ ಹೇರಿದ್ದು 190 ಆದರೂ ಹಿಂದಿನ ಆಕ್ಸಲಿಗೆ ಸುಮಾರು 265 ಕೆ.ಜಿ. ಸೇರಿದ್ದು ಹೇಗೆ ಎಂಬುದನ್ನು ಮಾಲೀಕರು ಕೇಳಿದರು, ಕೇಳಬೇಕಾದ ಪ್ರಶ್ನೆಯೇ. ಹುಕ್ಕು ಇರುವುದು ಹಿಂದಿನ ಆಕ್ಸಲಿಗಿಂತ 1.24 ಮೀಟರ್ ಹಿಂದೆ, ಎರಡು ಆಕ್ಸಲ್‌ಗಳ ನಡುವಿನ ಅಂತರ 3.1 ಮೀಟರ್. ಏತದ ಮರದ ಒಂದು ತುದಿಯನ್ನು ಒತ್ತಿದಾಗ ಇನ್ನೊಂದು ತುದಿ ಏಳುವಂತೆ, ಹಿಂದಿನ ಆಕ್ಸಲನ್ನು ಆನಿಕೆಯಾಗಿಸಿಕೊಂಡು ಹುಕ್ಕಿನ ಭಾರವು ಮುಂದಿನ ಗಾಲಿಗಳನ್ನು ನೆಲದಿಂದ ಹಗುರಗೊಳಿಸುತ್ತದೆ. ಪ್ರತಿ 100 ಕೆ.ಜಿ.ಗೆ ಮುಂದಿನಿಂದ 40 ಕೆ.ಜಿ. ಕಿತ್ತು ಹಿಂದಕ್ಕೆ ಸೇರಿಸುತ್ತದೆ. ಖಾಲಿ ಗಾಡಿಯಲ್ಲಿ ಒಟ್ಟು ತೂಕದ ಶೇಕಡ 55ರಷ್ಟು ಮುಂದಿನ ಗಾಲಿಗಳ ಮೇಲಿದ್ದರೆ, ಟ್ರೇಲರ್ ಸಿಕ್ಕಿಸಿದ ಮೇಲೆ ಅದು ಶೇಕಡ 43ಕ್ಕೆ ಸಮೀಪಿಸಿತ್ತು.

ಮುಂದಿನ ಪರೀಕ್ಷೆ ಈ ಪ್ರಕರಣದ ಗಂಟನ್ನು ಬಿಡಿಸಿತು. ಬ್ಯಾಗುಗಳಲ್ಲಿ 5 ಪಿಎಸ್‌ಐ ಮಾತ್ರ ಉಳಿಸಿ ಒಮ್ಮೆ, ಮಾಲೀಕರು ಬಳಸುತ್ತಿದ್ದ 40 ಪಿಎಸ್‌ಐಗೆ ಏರಿಸಿ ಮತ್ತೊಮ್ಮೆ ತೂಗಿಸಿದೆವು. ಕಣ್ಣಿಗೆ ಕಾಣುವಂತೆ ಗಾಡಿ ಕುಸಿದ ಸ್ಥಿತಿಯಿಂದ ಎದ್ದು ಸಮತಟ್ಟಾಗಿ ನಿಂತಿತು. ಚೀಟಿಯ ಅಂಕೆಗಳು ಮಾತ್ರ ಹಾಗೆಯೇ ಇದ್ದವು. ಮುಂದಿನ ಗಾಲಿಗಳಿಗೆ ಕಳೆದುಹೋದ ಭಾರ ಮರಳಿ ಬರಲಿಲ್ಲ, ಹಿಂದಿನ ಆಕ್ಸಲಿನ ಹೊರೆ ಇಳಿಯಲಿಲ್ಲ. ಬ್ಯಾಗ್ ಚಾಸಿಸ್ ಅನ್ನು ಆಕ್ಸಲಿನಿಂದ ಮೇಲಕ್ಕೆ ಎತ್ತುತ್ತದೆಯೇ ಹೊರತು ಭಾರವನ್ನು ಒಂದು ಆಕ್ಸಲಿನಿಂದ ಇನ್ನೊಂದಕ್ಕೆ ಸಾಗಿಸುವುದಿಲ್ಲ. ಸಮವಾಗಿ ನಿಂತ ಗಾಡಿಯನ್ನು ಕಂಡು ಭಾರವೂ ಸಮವಾಯಿತೆಂದು ನಂಬುವುದು ಎಷ್ಟು ಸಹಜವೋ ಅಷ್ಟೇ ಅಪಾಯಕರ ಎಂದು ನಾನು ಮಾಲೀಕರಿಗೆ ಒತ್ತಿ ಹೇಳಿದೆ.

ಬ್ರೇಕ್ ಕುಂದಿದ ಕಾರಣ

ಇಷ್ಟಾದರೂ ಬ್ರೇಕ್ ಮೊದಲಿಗಿಂತ ಕೆಡಲು ಕಾರಣವೇನೆಂಬುದು ಉಳಿಯಿತು. ತೂಕ ಮೊದಲೂ ಅಷ್ಟೇ ಇತ್ತು, ಹಿಂದಿನ ವರ್ಷ ಇದೇ ಟ್ರೇಲರ್ ಎಳೆದಾಗ ಈ ದೂರು ಇರಲಿಲ್ಲ. ಉತ್ತರ ಗಾಡಿಯ ಅಡಿಯಲ್ಲಿತ್ತು.

ಎಬಿಎಸ್ (ಬ್ರೇಕ್ ಹಿಡಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಅನೇಕ ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಹೋಗುವ ಎಣ್ಣೆಯ ಒತ್ತಡವನ್ನು ಹಿಡಿತದಲ್ಲಿಡಲು ಲೋಡ್ ಸೆನ್ಸಿಂಗ್ ಪ್ರೊಪೋರ್ಷನಿಂಗ್ ವಾಲ್ವ್ ಎಂಬುದೊಂದು ಇರುತ್ತದೆ. ಮೆಕ್ಯಾನಿಕ್ಕುಗಳು ಇದನ್ನು ಎಲ್‌ಎಸ್‌ಪಿವಿ ಎನ್ನುತ್ತಾರೆ. ವಾಲ್ವ್ ಚಾಸಿಸ್‌ನಲ್ಲಿ, ಅದರ ಕಡ್ಡಿ ಅಥವಾ ಸ್ಪ್ರಿಂಗ್ ಹಿಂದಿನ ಆಕ್ಸಲಿಗೆ ಜೋಡಣೆಯಾಗಿ. ಗಾಡಿ ಖಾಲಿ ಇದ್ದಾಗ ಹಿಂದಿನ ಗಾಲಿಗಳ ಮೇಲೆ ಭಾರ ಕಡಿಮೆ, ಜೋರಾಗಿ ಬ್ರೇಕ್ ಹಿಡಿದರೆ ಅವು ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಆದ್ದರಿಂದ ವಾಲ್ವ್ ಹಿಂದಿನ ಒತ್ತಡವನ್ನು ತಗ್ಗಿಸುತ್ತದೆ. ಭಾರ ಹೇರಿ ಚಾಸಿಸ್ ಕುಸಿದಂತೆ ಕಡ್ಡಿಯ ಕೋನ ಬದಲಾಗಿ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಈ ವಾಲ್ವಿಗೆ ತೂಕ ತಿಳಿಯದು. ಚಾಸಿಸ್ ಮತ್ತು ಆಕ್ಸಲ್ ನಡುವಿನ ಅಂತರವನ್ನೇ ಅದು ತೂಕವೆಂದು ತಿಳಿಯುತ್ತದೆ.

ಖಾಲಿ ಗಾಡಿಗೆ ಹೋಲಿಸಿದರೆ ಹಿಂದಿನ ಆಕ್ಸಲ್ ಮೇಲೆ 605 ಕೆ.ಜಿ. ಹೆಚ್ಚಾದಾಗ ಹಿಂಭಾಗ 95 ಮಿ.ಮೀ. ಕುಸಿಯುತ್ತಿತ್ತು. 40 ಪಿಎಸ್‌ಐ ಗಾಳಿ ಅದರಲ್ಲಿ ಸುಮಾರು 80 ಮಿ.ಮೀ.ಯನ್ನು ಮರಳಿ ಎತ್ತುತ್ತಿತ್ತು. ಉಳಿದ 15 ಮಿ.ಮೀ. ಕುಸಿತವನ್ನು ಮಾತ್ರ ಕಾಣುತ್ತಿದ್ದ ವಾಲ್ವ್ ಹಿಂದೆ ನೂರು ಕೆ.ಜಿ.ಯೂ ಹೆಚ್ಚಾಗಿಲ್ಲವೆಂದು ತೀರ್ಮಾನಿಸಿ, 1,465 ಕೆ.ಜಿ. ಹೊತ್ತ ಆಕ್ಸಲಿಗೆ ಖಾಲಿ ಗಾಡಿಯ ಬ್ರೇಕನ್ನೇ ಕೊಡುತ್ತಿತ್ತು. ಬ್ರೇಕ್ ಗ್ಯಾರೇಜಿನಲ್ಲಿ ಹಿಂದಿನ ಲೈನಿಗೆ ಗೇಜ್ ಜೋಡಿಸಿ ನೋಡಿದಾಗ ಇದು ಖಚಿತವಾಯಿತು: ಪೂರ್ಣ ಹೊರೆಯಿದ್ದು ಗಾಳಿ 40ರಲ್ಲಿದ್ದಾಗ ಹಿಂದಿನ ಒತ್ತಡ, ಖಾಲಿ ಗಾಡಿಯಲ್ಲಿ ಸಿಗುವುದಕ್ಕಿಂತ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ. ಪರಿಣಾಮವಾಗಿ ಪಿಕಪ್ ಮತ್ತು ಬ್ರೇಕಿಲ್ಲದ ಟ್ರೇಲರ್ ಎರಡನ್ನೂ ತಡೆಯುವ ಕೆಲಸ ಬಹುಪಾಲು ಮುಂದಿನ ಗಾಲಿಗಳಿಗೆ ಬೀಳುತ್ತಿತ್ತು. ಆ ಗಾಲಿಗಳ ನೆಲದ ಹಿಡಿತವನ್ನಾದರೋ ಹುಕ್ಕಿನ ಭಾರ ಮೊದಲೇ ಕಸಿದುಕೊಂಡಿತ್ತು. ಒದ್ದೆ ಕೆಂಪು ಮಣ್ಣಿನ ಇಳಿಜಾರಿನಲ್ಲಿ ಅವು ಬೇಗನೆ ಲಾಕ್ ಆಗಿ, ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೆ ಜಾರುತ್ತಿದ್ದುದು ಇದರಿಂದಲೇ. ಚಾಲಕ ಹೇಳಿದ ಮಾತು ಅಕ್ಷರಶಃ ಸರಿಯಾಗಿತ್ತು. ಗಾಡಿ ಓಡಿಸುವವರ ಇಂಥ ಮಾತನ್ನು ಭಯವೆಂದು ತಳ್ಳಿಹಾಕದೆ ಅಳತೆಗೆ ಒಳಪಡಿಸಬೇಕು.

ವಾಲ್ವಿನ ಕಡ್ಡಿಯನ್ನು ಹೊಸ ಎತ್ತರಕ್ಕೆ ಹೊಂದಿಸಿಬಿಟ್ಟರೆ ಸಾಲದೇ ಎಂಬ ಸಲಹೆ ಬಂತು. ಅದನ್ನು ಒಪ್ಪಲಾಗಲಿಲ್ಲ. 40 ಪಿಎಸ್‌ಐಯ ಎತ್ತರಕ್ಕೆ ಹೊಂದಿಸಿದ ಕಡ್ಡಿ, ಟ್ರೇಲರ್ ಇಲ್ಲದೆ ಖಾಲಿ ಓಡುವಾಗ ಹಿಂದಿನ ಬ್ರೇಕಿಗೆ ಪೂರ್ಣ ಒತ್ತಡ ಬಿಟ್ಟು ಹಿಂದಿನ ಗಾಲಿಗಳನ್ನು ಲಾಕ್ ಮಾಡಿಸುತ್ತದೆ. ಮಳೆಯಲ್ಲಿ ಆಗುಂಬೆ ಕಡೆಯ ತಿರುವಿನಲ್ಲಿ ಖಾಲಿ ಪಿಕಪ್‌ನ ಹಿಂಭಾಗ ಜಾರಿದರೆ ಏನಾಗುತ್ತದೆಂದು ವಿವರಿಸುವ ಅಗತ್ಯವಿಲ್ಲ. ಗಾಳಿ ಬದಲಾದಂತೆ ಎತ್ತರ ಬದಲಾಗುವ ಗಾಡಿಯಲ್ಲಿ ವಾಲ್ವಿಗೆ ಎರಡೂ ಸ್ಥಿತಿಗೆ ಹೊಂದುವ ಒಂದೇ ಜಾಗ ಇರುವುದಿಲ್ಲ. ಇನ್ನೊಂದು ಕಮಾನು ಪ್ಲೇಟ್ ಸೇರಿಸಿದ್ದರೂ ಇದೇ ತೊಡಕು ಬರುತ್ತಿತ್ತು, ಏಕೆಂದರೆ ಅದೂ ಹಿಂಭಾಗವನ್ನು ಎತ್ತುತ್ತದೆ. ಅದರ ಜೊತೆಗೆ ಖಾಲಿ ಗಾಡಿ ಬಿರುಸಾಗಿ ಕುಲುಕುತ್ತದೆ.

ಚಾಸಿಸ್ ಮೇಲಿನ ಗುರುತು

ಬ್ರೇಕಿನ ಕಾರಣ ಹುಡುಕುತ್ತಾ ಗಾಡಿಯನ್ನು ಎತ್ತಿ ನೋಡಿದಾಗ ಮತ್ತೊಂದು ಸಂಗತಿ ಕಂಡಿತು. ಬ್ಯಾಗಿನ ಮೇಲಿನ ಬ್ರಾಕೆಟ್ ಕೂತಿದ್ದ ಜಾಗದಲ್ಲಿ ಚಾಸಿಸ್‌ನ ಬಣ್ಣ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬಣ್ಣವನ್ನು ಕೆರೆದು ನೋಡಿದಾಗ ಕಬ್ಬಿಣ ಇನ್ನೂ ಗಟ್ಟಿಯಾಗಿತ್ತು, ಬಾಗಿರಲಿಲ್ಲ. ಆದರೂ ಅದು ಎಚ್ಚರಿಕೆಯೇ. ಡಬಲ್ ಕ್ಯಾಬ್ ಪಿಕಪ್‌ಗಳಲ್ಲಿ ಏರ್ ಬ್ಯಾಗ್ ಹಾಕಿಸಿ ಭಾರವಾದ ಕ್ಯಾರವಾನ್ ಎಳೆದು ಚಾಸಿಸ್ ಬಾಗಿಸಿಕೊಂಡ ಘಟನೆಗಳು ಆಸ್ಟ್ರೇಲಿಯಾದಲ್ಲಿ ಸಾಕಷ್ಟು ನಡೆದಿವೆ.

ಕಾರಣ ಸರಳ ಗಣಿತ. ಲೀಫ್ ಸ್ಪ್ರಿಂಗ್ ತನ್ನ ಹೊರೆಯನ್ನು ಚಾಸಿಸ್‌ಗೆ ಎರಡು ತುದಿಗಳಲ್ಲಿ ಹಂಚುತ್ತದೆ, ಆಕ್ಸಲಿನ ಮುಂದೊಂದು, ಹಿಂದೊಂದು. ಈ ಗಾಡಿಯಲ್ಲಿ ಹಿಂದಿನ ತುದಿಯ ಶಾಕಲ್ (ಸ್ಪ್ರಿಂಗನ್ನು ಚಾಸಿಸ್‌ಗೆ ಜೋಡಿಸುವ ಕೊಂಡಿ) ಆಕ್ಸಲಿನಿಂದ 60 ಸೆಂ.ಮೀ. ಹಿಂದಿದ್ದು, ಹುಕ್ಕಿನಿಂದ ಜೋತುಬೀಳುವ ಚಾಸಿಸ್‌ನ ಬಾಲಕ್ಕೆ ಆಸರೆಯಾಗಿತ್ತು. ಬ್ಯಾಗಾದರೋ ತನ್ನ ಬಲವನ್ನೆಲ್ಲ ಆಕ್ಸಲಿನ ನೇರ ಮೇಲೆ ಒಂದೇ ಜಾಗದಲ್ಲಿ ಒತ್ತುತ್ತದೆ. 80 ಮಿ.ಮೀ. ಎತ್ತಲು ಎರಡೂ ಬ್ಯಾಗುಗಳು ಸೇರಿ ಸುಮಾರು 510 ಕೆ.ಜಿ. ಹೊರಬೇಕಿತ್ತು. ಅಷ್ಟರ ಅರ್ಧ, 255 ಕೆ.ಜಿ.ಯಷ್ಟು ಆಸರೆ ಹಿಂದಿನ ಶಾಕಲ್‌ಗಳಿಂದ ತಪ್ಪಿಹೋಗುತ್ತಿತ್ತು. ಅದನ್ನು 0.6 ಮೀಟರ್‌ನಿಂದ ಗುಣಿಸಿದರೆ ಆಕ್ಸಲ್ ಮೇಲಿನ ಭಾಗದಲ್ಲಿ ಸುಮಾರು 153 ಕೆ.ಜಿ.-ಮೀಟರ್‌ನಷ್ಟು ಬಾಗಿಸುವ ಒತ್ತು ಹೆಚ್ಚುತ್ತದೆ. ಹುಕ್ಕಿನ ಭಾರ ತಾನಾಗಿಯೇ ಹುಟ್ಟಿಸುತ್ತಿದ್ದ 236 ಕೆ.ಜಿ.-ಮೀಟರ್ ಜೊತೆ ಸೇರಿದರೆ ಮೊತ್ತ 390ಕ್ಕೆ ಸಮೀಪ. ಇದು ನಿಂತ ಗಾಡಿಯ ಲೆಕ್ಕ. ಗುಂಡಿಗೆ ಇಳಿದು ಏಳುವಾಗ ಬೀಳುವ ಹೊಡೆತ ಇದಕ್ಕಿಂತ ಬಹಳ ಹೆಚ್ಚು.

ಬ್ಯಾಗ್ ಕೂರಿಸಿದ್ದ ರೀತಿಯಲ್ಲಿಯೂ ಒಂದು ಕೊರತೆಯಿತ್ತು. ಎರಡೂ ಬ್ಯಾಗುಗಳಿಗೆ ಟಿ ಜೋಡಣೆಯಿಂದ ಒಂದೇ ಗಾಳಿ ನಳಿಗೆ ಕೊಟ್ಟಿದ್ದರು. ತಿರುವಿನಲ್ಲಿ ಹೊರಬದಿಯ ಬ್ಯಾಗ್ ಒತ್ತಿದಾಗ ಅದರ ಗಾಳಿ ಒಳಬದಿಯದಕ್ಕೆ ಹರಿದು, ವಾಲುವ ಗಾಡಿಯನ್ನು ಇನ್ನಷ್ಟು ವಾಲಿಸುತ್ತದೆ.

ಮಾಡಿದ ಬದಲಾವಣೆಗಳು

ಮೊದಲು ಟ್ರೇಲರ್ ಅನ್ನು ಸರಿಪಡಿಸಲಾಯಿತು. ಎಂಜಿನ್ ಅನ್ನು ಹಿಂದಕ್ಕೆ ಸರಿಸಿದರೆ ಬೆಲ್ಟುಗಳ ಜೋಡಣೆ ಕೆಡುತ್ತಿತ್ತು. ಆದ್ದರಿಂದ ಟ್ರೇಲರ್‌ನ ಆಕ್ಸಲನ್ನೇ ಸ್ಪ್ರಿಂಗ್ ಸಮೇತ 25 ಸೆಂ.ಮೀ. ಮುಂದಕ್ಕೆ ತಂದು ಕೂರಿಸಿದರು. ಹುಕ್ಕಿನ ಭಾರ 190ರಿಂದ 115 ಕೆ.ಜಿ.ಗೆ ಇಳಿಯಿತು. ಪಿಕಪ್‌ನ ಟ್ರೇನಲ್ಲಿದ್ದ ಡೀಸೆಲ್ ಕ್ಯಾನು ಮತ್ತು ಹತಾರದ ಪೆಟ್ಟಿಗೆ ಸೇರಿ 60 ಕೆ.ಜಿ.ಯನ್ನು ಟ್ರೇಲರ್‌ನ ಆಕ್ಸಲ್ ಮೇಲೆಯೇ ಇಡುವ ವ್ಯವಸ್ಥೆಯಾಯಿತು, ಹೀಗಾಗಿ ಅದು ಹುಕ್ಕಿನ ಭಾರಕ್ಕೆ ಸೇರಲಿಲ್ಲ. ಒಟ್ಟು 960 ಕೆ.ಜಿ.ಯ ಟ್ರೇಲರ್‌ಗೆ 115 ಎಂದರೆ ಶೇಕಡ 12. ಮತ್ತೆ ತೂಗಿಸಿದಾಗ ಮುಂದಿನ ಆಕ್ಸಲ್ 1,115, ಹಿಂದಿನದು 1,300. ಒಂದು ಬ್ಯಾಗನ್ನೂ ಮುಟ್ಟದೆ ಹಿಂದಿನ ಆಕ್ಸಲಿನಿಂದ 165 ಕೆ.ಜಿ. ಇಳಿದಿತ್ತು. ಬ್ಯಾಗ್ ಕೊಳ್ಳುವ ಮೊದಲೇ ಈ ಕೆಲಸ ನಡೆದಿದ್ದರೆ ಬ್ಯಾಗ್ ಬೇಕೆಂದು ಅನ್ನಿಸುತ್ತಿತ್ತೋ ಇಲ್ಲವೋ ಎಂದು ಮಾಲೀಕರೇ ಕೇಳಿಕೊಂಡರು. ಇಷ್ಟರ ಮೇಲೂ ಹಿಂಭಾಗ 70 ಮಿ.ಮೀ. ಕುಸಿಯುತ್ತಿತ್ತು, ದೊಡ್ಡ ಗುಂಡಿಗಳಲ್ಲಿ ಆಕ್ಸಲ್ ಚಾಸಿಸ್‌ಗೆ ಬಡಿಯುವ ಸಂಭವ ಉಳಿದಿತ್ತು. ಕೊಯ್ಲಿನ ಕಾಲದಲ್ಲಿ ಮಾತ್ರ ಹೊರೆ ಹೊತ್ತು ವರ್ಷದ ಉಳಿದ ಭಾಗ ಖಾಲಿ ಓಡುವ ಗಾಡಿಗೆ, ಬೇಕಾದಾಗ ಗಾಳಿ ಏರಿಸಿ ಬೇಡವಾದಾಗ ಇಳಿಸಬಹುದಾದ ಬ್ಯಾಗ್ ಯೋಗ್ಯವೆಂದೇ ನನ್ನ ಅಭಿಪ್ರಾಯ. ಆದ್ದರಿಂದ ಅವನ್ನು ತೆಗೆಸಲಿಲ್ಲ.

ಬದಲಾದದ್ದು ಗಾಳಿಯ ಪ್ರಮಾಣ. ಹಿಂಭಾಗವನ್ನು ಪೂರ್ತಿ ಸಮತಟ್ಟು ಮಾಡುವ ಆಸೆಯನ್ನು ಬಿಟ್ಟು 25 ಮಿ.ಮೀ. ಮಾತ್ರ ಎತ್ತುವುದೆಂದು ನಿಶ್ಚಯಿಸಲಾಯಿತು. ಅದಕ್ಕೆ 12 ಪಿಎಸ್‌ಐ ಸಾಕಾಯಿತು. ಉಳಿದ 45 ಮಿ.ಮೀ. ಕುಸಿತ ವಾಲ್ವಿಗೆ ಕಾಣುವಂತೆ ಉಳಿಯಿತು. ಗೇಜ್ ಹಾಕಿ ನೋಡಿದಾಗ ಹಿಂದಿನ ಬ್ರೇಕಿನ ಒತ್ತಡ ಸ್ಪಷ್ಟವಾಗಿ ಏರಿತ್ತು. ವಾಲ್ವಿನ ಕಡ್ಡಿ ಕಾರ್ಖಾನೆಯ ಜಾಗದಲ್ಲೇ ಇದೆ. ಚಾಸಿಸ್ ಮೇಲೆ ಬಾಗಿಸುವ ಒತ್ತು, ಮೇಲಿನ ಲೆಕ್ಕದಂತೆಯೇ, 390ರಿಂದ ಸುಮಾರು 190 ಕೆ.ಜಿ.-ಮೀಟರ್‌ಗೆ ಇಳಿದು ಅರ್ಧವಾಯಿತು. ಬ್ರಾಕೆಟ್ ಮತ್ತು ಚಾಸಿಸ್ ನಡುವೆ ಭಾರ ಹರಡಲು ಉದ್ದನೆಯ ಪ್ಲೇಟ್ ಬಂತು, ಅದನ್ನು ಬೋಲ್ಟಿನಿಂದ ಬಿಗಿಸಲಾಯಿತೇ ಹೊರತು ವೆಲ್ಡಿಂಗ್ ಮಾಡಲಿಲ್ಲ, ಚಾಸಿಸ್‌ನ ಮೇಲಿನ ಕೆಳಗಿನ ಅಂಚುಗಳಿಗೆ ತೂತು ಕೊರೆಯಲಿಲ್ಲ. ಎರಡೂ ಬ್ಯಾಗುಗಳಿಗೆ ಪ್ರತ್ಯೇಕ ನಳಿಗೆ, ಪ್ರತ್ಯೇಕ ವಾಲ್ವ್. ಸೈಲೆನ್ಸರ್ ಪೈಪಿಗೆ ಹತ್ತಿರವಿದ್ದ ಬಲಬದಿಯ ಬ್ಯಾಗಿಗೆ ಬಿಸಿ ತಾಗದಂತೆ ತಗಡಿನ ತಡೆ. ಹೆಡ್‌ಲೈಟಿನ ದಿಕ್ಕನ್ನು ಹೊರೆಯಿರುವ ಸ್ಥಿತಿಯಲ್ಲಿ ಸ್ಕ್ರೂ ತಿರುಗಿಸಿ ಸರಿಪಡಿಸಿದರು.

ಕಾನೂನಿನ ಬಗ್ಗೆ ಎರಡು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಬ್ಯಾಗ್ ಹಾಕಿಸಿದ್ದನ್ನು ತೋರಿಸಿ ಹೆಚ್ಚು ಭಾರ ಹೇರಲು ಅವಕಾಶವಿಲ್ಲ. 2019ರ ತಿದ್ದುಪಡಿಯ ನಂತರ ಮಿತಿ ಮೀರಿದ ಹೊರೆಗೆ 194ನೇ ಕಲಂ ಅಡಿಯಲ್ಲಿ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಬ್ಯಾಗ್ ಕೊಳ್ಳುವವರು ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಬರೆದು ತಿಳಿಸುವುದು ಒಳಿತು.

ಉಳಿದ ಕೊಯ್ಲಿನಲ್ಲಿ ಗಾಡಿ ಅದೇ ಇಳಿಜಾರುಗಳಲ್ಲಿ ಓಡಿತು. ಮುಂದಿನ ಗಾಲಿ ಜಾರುವ ದೂರು ಒದ್ದೆ ನೆಲದಲ್ಲಿಯೂ ಬಹಳ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಹೋಗುವುದು ಸಾಧ್ಯವೂ ಇರಲಿಲ್ಲ, ಏಕೆಂದರೆ ಬ್ರೇಕಿಲ್ಲದ 960 ಕೆ.ಜಿ. ಟ್ರೇಲರ್ ಇನ್ನೂ ಹಿಂದಿನಿಂದ ನೂಕುತ್ತಲೇ ಇತ್ತು. ಈ ಕೊರತೆಯನ್ನು ಸಸ್ಪೆನ್ಷನ್ ಕಡೆಯಿಂದ ಎಷ್ಟು ಗಾಳಿ ತುಂಬಿದರೂ ನೀಗಿಸಲಾಗದು. ಮಾಲೀಕರು ಇದನ್ನು ಒಪ್ಪಿ, ಕೊಯ್ಲು ಮುಗಿದ ಮೇಲೆ ಟ್ರೇಲರ್‌ಗೆ ಡ್ರಮ್ ಬ್ರೇಕ್ ಇರುವ ಹೊಸ ಆಕ್ಸಲ್ ಮತ್ತು ಒತ್ತು ಬ್ರೇಕಿನ ಹುಕ್ಕನ್ನು ಹಾಕಿಸಿದರು. ಪಿಕಪ್ ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ನೂಕುವ ಬಲವೇ ಹುಕ್ಕಿನೊಳಗಿನ ಕಡ್ಡಿಯನ್ನು ಒತ್ತಿ ಟ್ರೇಲರ್‌ನ ಬ್ರೇಕನ್ನು ಹಿಡಿಸುವ ವ್ಯವಸ್ಥೆ ಅದು. ರಿವರ್ಸ್ ತೆಗೆಯುವಾಗ ಅದನ್ನು ಕೊಂಡಿ ಹಾಕಿ ತಡೆಹಿಡಿಯಬೇಕು. ಉದ್ದನೆಯ ಇಳಿಜಾರಿನಲ್ಲಿ ಸದಾ ಅಲ್ಪ ಒತ್ತಡ ಬೀಳುತ್ತಿರುವುದರಿಂದ ಡ್ರಮ್ ಬಿಸಿಯಾಗುತ್ತದೆ, ಹಾಗಾಗಿ ಇಳಿಯುವ ಮೊದಲೇ ಎರಡನೇ ಗೇರಿಗೆ ಬರುವಂತೆ ಚಾಲಕನಿಗೆ ಹೇಳಲಾಗಿದೆ. ಹೊಸ ಆಕ್ಸಲಿನಿಂದ ಟ್ರೇಲರ್‌ನ ತೂಕ ಸ್ವಲ್ಪ ಬದಲಾದ ಕಾರಣ ಮತ್ತೆ ವೇಬ್ರಿಡ್ಜ್‌ಗೆ ಒಯ್ದು ಹುಕ್ಕಿನ ಭಾರವನ್ನು ಅಳೆದು, ಬ್ಯಾಗಿನ ಗಾಳಿ 12 ಪಿಎಸ್‌ಐಯಲ್ಲೇ ಸಾಕೆಂದು ನೋಡಿಕೊಂಡ ಮೇಲೆ ಆ ಅಂಕೆಯನ್ನು ಚಾಲಕನ ಬಾಗಿಲಿನ ಒಳಬದಿಯಲ್ಲಿ, ಟೈರಿನ ಗಾಳಿಯ ಪಟ್ಟಿಯ ಕೆಳಗೆ ಬರೆಸಲಾಯಿತು.